ಧಾಟಿ ಸಂಖ್ಯೆ ೨೧೨ರ ಪ್ರಮಾಣಿತ ಮೌನ

ಜನಪದ ಧಾಟಿಯನ್ನು ಕಟ್ಟಿದವರು ಬದುಕಿರತಕ್ಕದ್ದಲ್ಲ ಎಂಬ ನಿಯಮ ನಮ್ಮ ಕಚೇರಿಯಲ್ಲಿ ಜಾರಿಗೆ ಬಂದು ಒಂಬತ್ತು ವರ್ಷಗಳಾಗಿದ್ದು, ಈ ಅವಧಿಯಲ್ಲಿ ಅದನ್ನು ಉಲ್ಲಂಘಿಸಿದವರು ಒಬ್ಬರೇ ಒಬ್ಬರು. ಅವರು ನಮ್ಮ ಕಚೇರಿಯ ಹಿಂದಿನ ಓಣಿಯಲ್ಲಿ ಹಾರ್ಮೋನಿಯಂ ಪೆಟ್ಟಿಗೆ ರಿಪೇರಿ ಮಾಡುವ ಹೆಂಗಸು. ಓಣಿಯವರೆಲ್ಲ ಅವರನ್ನು ಪೆಟ್ಟಿಗೆಯಮ್ಮ ಎನ್ನುತ್ತಾರೆ. ಉಲ್ಲಂಘನೆ ನಡೆದಾಗ ಅವರಿಗೆ ಐವತ್ತೊಂಬತ್ತು ವರ್ಷ, ಆರೋಗ್ಯ ಚೆನ್ನಾಗಿತ್ತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಆಮೇಲೆ ಜನ ನಮ್ಮ ಕಚೇರಿಯ ಬಗ್ಗೆ ಏನೇನೋ ಆಡಿಕೊಂಡರು. ನಾವು ಯಾರಿಗೂ ಸಾಯಿರಿ ಎಂದು ಹೇಳಿಲ್ಲ. ಹೇಳಿದ್ದರೆ ಕಡತದಲ್ಲಿ ಇರುತ್ತಿತ್ತು.

ನಮ್ಮದು ಧಾಟಿ ರಕ್ಷಣೆ ಮತ್ತು ಸೌಜನ್ಯ ಕಚೇರಿ. ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ ಮೂರು ಕೋಣೆ. ಮೊದಲನೆಯದರಲ್ಲಿ ನಿರ್ದೇಶಕರು, ಎರಡನೆಯದರಲ್ಲಿ ತಜ್ಞರು, ಮೂರನೆಯದರಲ್ಲಿ ಕಡತಗಳು ಮತ್ತು ಅವುಗಳ ನಡುವೆ ಜಾಗ ಸಿಕ್ಕಷ್ಟು ನಾನು. ನಾನು ಹಿರಿಯ ಗುಮಾಸ್ತ. ಕಿರಿಯ ಗುಮಾಸ್ತರ ಹುದ್ದೆ ಇನ್ನೂ ಮಂಜೂರಾಗಿಲ್ಲವಾದ್ದರಿಂದ ನನ್ನ ಹಿರಿತನವನ್ನು ಯಾರ ಮೇಲೂ ತೋರಿಸುವ ಅವಕಾಶ ಬಂದಿಲ್ಲ. ಅದರ ಬಗ್ಗೆ ನನಗೆ ಬೇಸರವಿದೆ, ಆದರೆ ಇಲ್ಲಿ ಅದು ಅಪ್ರಸ್ತುತ.

ಕಚೇರಿ ಯಾಕೆ ಬೇಕಾಯಿತು ಎಂದು ಕೆಲವರು ಕೇಳುತ್ತಾರೆ. ಮೊದಲು ಯಾರು ಬೇಕಾದರೂ ಯಾರದೋ ಧಾಟಿಯನ್ನು ಫೋನಿನಲ್ಲಿ ಹಿಡಿದು ಅಂತರ್ಜಾಲಕ್ಕೆ ಹಾಕಿಬಿಡುತ್ತಿದ್ದರು. ಕಟ್ಟಿದವರ ಹೆಸರು ಹಾಕುವುದಿರಲಿ, ಒಂದು ಮಾತು ಕೇಳುತ್ತಿರಲಿಲ್ಲ. ಇದು ಸೌಜನ್ಯವಲ್ಲ ಎಂದು ತೀರ್ಮಾನವಾಗಿ, ಪ್ರತಿ ಧಾಟಿಯ ಕೆಳಗೂ ‘ಸೌಜನ್ಯ’ ಎಂದು ಬರೆದು, ಮುಂದೆ ಕಟ್ಟಿದವರ ಹೆಸರು ಬರೆಯಬೇಕು, ಅದಕ್ಕೆ ಮುಂಚೆ ಅವರ ಒಪ್ಪಿಗೆ ಪಡೆಯಬೇಕು ಎಂದು ನಿಯಮವಾಯಿತು. ಜನಪದ ಧಾಟಿಯಾದರೆ ಅದನ್ನು ಕಟ್ಟಿದ್ದು ಜನ. ಜನರನ್ನೆಲ್ಲ ಒಬ್ಬೊಬ್ಬರನ್ನಾಗಿ ಕೇಳಲು ಆಗುವುದಿಲ್ಲವಾದ್ದರಿಂದ, ಅವರ ಪರವಾಗಿ ಒಪ್ಪಿಗೆ ಕೊಡುವ ಹೊಣೆಯನ್ನು ನಮ್ಮ ಕಚೇರಿ ಹೊತ್ತುಕೊಂಡಿತು.

ಬದುಕಿರುವವರಿಂದ ಒಪ್ಪಿಗೆ ತರುವುದು ಎಷ್ಟು ಕಷ್ಟವೆಂದು ತಂದವರಿಗೇ ಗೊತ್ತು. ಒಬ್ಬರು ಮನೆಯಲ್ಲಿರುವುದಿಲ್ಲ, ಇನ್ನೊಬ್ಬರು ಯೋಚಿಸಿ ಹೇಳುತ್ತೇನೆ ಎನ್ನುತ್ತಾರೆ, ಮತ್ತೊಬ್ಬರಿಗೆ ಹಳೆಯ ಸಿಟ್ಟು ಇರುತ್ತದೆ. ನಮ್ಮಲ್ಲಾದರೆ ಹನ್ನೊಂದು ದಿನಕ್ಕೆ ಒಪ್ಪಿಗೆ ಸಿಗುತ್ತಿತ್ತು. ಹಾಗಾಗಿ ಧಾಟಿ ಕೈಗೆ ಸಿಕ್ಕವರೆಲ್ಲ ಅದು ಜನಪದ ಎಂದು ಅರ್ಜಿ ಹಾಕತೊಡಗಿದರು. ನಾಲ್ಕೇ ವರ್ಷಗಳಲ್ಲಿ ನಮ್ಮ ಪ್ರಾಚೀನ ಜನಪದ ಸಂಪತ್ತು ಮೂರು ಪಟ್ಟಾಯಿತು. ವಾರ್ಷಿಕ ವರದಿಯಲ್ಲಿ ಇದನ್ನು ನಾನೇ ಬರೆದಿದ್ದೇನೆ. ಇಷ್ಟು ಸಂಪತ್ತಿನ ನಡುವೆ ಯಾರಾದರೂ ಎದ್ದು ಬಂದು ಇದು ನನ್ನದು ಎಂದರೆ ಗತಿಯೇನು ಎಂದು ನಿರ್ದೇಶಕರು ಒಂದು ದಿನ ಯೋಚನೆಗೆ ಬಿದ್ದರು. ಅದರ ಫಲವೇ ನಾನು ಆರಂಭದಲ್ಲಿ ಹೇಳಿದ ನಿಯಮ.

ಧಾಟಿ ಸಂಖ್ಯೆ ೨೧೨ ನಮ್ಮಲ್ಲಿಗೆ ಬಂದದ್ದು ಒಬ್ಬ ಬ್ಯಾಂಡ್ ಮೇಷ್ಟ್ರ ಅರ್ಜಿಯ ಮೂಲಕ. ‘ಧಾಟಿಯ ಮೂಲ’ ಎಂಬ ಅಂಕಣದಲ್ಲಿ ಅವರು ‘ಓಣಿ’ ಎಂದು ಬರೆದಿದ್ದರು. ತಜ್ಞರು ಅದನ್ನು ಕೇಳುತ್ತ ಕೇಳುತ್ತ ಕುರ್ಚಿಯಿಂದ ಎದ್ದು ನಿಂತರಂತೆ. ಎರಡನೇ ಸಾಲಿನ ಕೊನೆಯಲ್ಲಿ ಧಾಟಿ ಮೇಲಕ್ಕೆ ಹತ್ತುತ್ತದೆ, ಹತ್ತುತ್ತದೆ, ಇನ್ನೇನು ಮೇಲಿನ ಮೆಟ್ಟಿಲ ಮೇಲೆ ಕಾಲಿಡಬೇಕು ಅನ್ನುವಾಗ ಅಲ್ಲಿ ಸ್ವರವೇ ಇಲ್ಲ. ಒಂದು ಸ್ವರದಷ್ಟು ಜಾಗ ಖಾಲಿ. ಆಮೇಲೆ ಏನೂ ಆಗದವರ ಹಾಗೆ ಧಾಟಿ ಇಳಿದು ಬರುತ್ತದೆ. ತಜ್ಞರು ಈ ಖಾಲಿ ಜಾಗದ ಮೇಲೆ ನೂರ ನಲವತ್ತು ಪುಟಗಳ ಪ್ರಬಂಧ ಬರೆದರು. ಮುನ್ನೂರು ವರ್ಷಗಳ ಹಿಂದೆ ಪೂರ್ವಜರು ಬಾಯಿಬಿಟ್ಟು ಹೇಳಲಾಗದ ಯಾವುದೋ ದುಃಖವನ್ನು ಅಲ್ಲಿ ಹೂತಿಟ್ಟಿದ್ದಾರೆ ಎಂಬುದು ಅದರ ಸಾರಾಂಶ. ಯಾವ ದುಃಖ ಎಂಬುದು ಎರಡನೇ ಸಂಪುಟದಲ್ಲಿ ಬರಲಿದೆ.

ಧಾಟಿ ಮನೆಮಾತಾಯಿತು. ಸಾವಿರಾರು ಜನ ನಮ್ಮ ಮುದ್ರೆಯೊಂದಿಗೆ ಹಂಚಿಕೊಂಡರು. ನಿರ್ದೇಶಕರಿಗಂತೂ ಅದು ಎಷ್ಟು ಹಿಡಿಸಿತೆಂದರೆ, ಕಚೇರಿಗೆ ಫೋನ್ ಮಾಡಿದವರು ಕಾಯುವಾಗ ಕೇಳಿಸುವ ಧಾಟಿಯಾಗಿ ಅದನ್ನೇ ಇಡಿಸಿದರು. ಜಾಲತಾಣದಲ್ಲಿ ಅದರ ಕೆಳಗೆ ಹೀಗೆ ಬರೆದಿತ್ತು: ‘ಸೌಜನ್ಯ: ಜನಪದ. ಹಕ್ಕುಸ್ವಾಮ್ಯ: ಕಚೇರಿ. ಒಪ್ಪಿಗೆಯಿಲ್ಲದೆ ಗುನುಗುವಂತಿಲ್ಲ.’

ಪ್ರತಿದಿನ ಬೆಳಿಗ್ಗೆ ಅಂತರ್ಜಾಲದಲ್ಲಿ ಒಂದು ಸುತ್ತು ಹೊಡೆದು, ಸೌಜನ್ಯವಿಲ್ಲದ ಧಾಟಿಗಳನ್ನು ತೆಗೆಸುವುದು ನನ್ನ ಕೆಲಸ. ಒಂದು ಮಂಗಳವಾರ ಹಾಗೆ ಸುತ್ತುತ್ತಿದ್ದಾಗ ಒಂದು ವಿಡಿಯೋ ಕಣ್ಣಿಗೆ ಬಿತ್ತು. ಮುಖ ಕಾಣುತ್ತಿರಲಿಲ್ಲ. ಬಣ್ಣ ಹೋದ ಒಂದು ಹಾರ್ಮೋನಿಯಂ, ಮೇಣ ಮೆತ್ತಿದ ಎರಡು ಕೈ. ನುಡಿಸುತ್ತಿದ್ದದ್ದು ನಮ್ಮ ೨೧೨. ಎರಡನೇ ಸಾಲಿನ ಕೊನೆಗೆ ಧಾಟಿ ಹತ್ತಿತು, ಹತ್ತಿತು, ಆಮೇಲೆ ಆ ಖಾಲಿ ಜಾಗದಲ್ಲಿ ಖಣಿ ಖಣಿ ಎನ್ನುವಂತೆ ಒಂದು ಸ್ವರ ನುಡಿಯಿತು. ಕೆಳಗೆ ಎರಡೇ ಮಾತು: ‘ಕಟ್ಟಿದ್ದು ನಾನು. ನನ್ನ ತಂಗಿಗೆ.’ ಒಪ್ಪಿಗೆ ಪತ್ರದ ಸಂಖ್ಯೆ ಇಲ್ಲ, ಮುದ್ರೆ ಇಲ್ಲ, ಜನಪದಕ್ಕೆ ಸೌಜನ್ಯ ಇಲ್ಲ, ಮೇಲಾಗಿ ಮುನ್ನೂರು ವರ್ಷದ ಮೌನ ಭಂಗ. ಹತ್ತು ನಿಮಿಷದಲ್ಲಿ ತೆಗೆಸಿಹಾಕಿದೆ. ನಮ್ಮ ಕಚೇರಿಯಲ್ಲಿ ಹತ್ತು ನಿಮಿಷದಲ್ಲಿ ಆದ ಕೆಲಸ ಅದೊಂದೇ.

ಮಧ್ಯಾಹ್ನ ಫೋನ್ ಬಂತು. ನಾನು ಎತ್ತುವ ಹೊತ್ತಿಗೆ ಆ ಕಡೆಯವರು ಇಪ್ಪತ್ತೈದು ನಿಮಿಷ ಕಾದಿದ್ದರು, ಅಂದರೆ ಧಾಟಿಯನ್ನು ಸುಮಾರು ಮೂವತ್ತು ಸಲ ಕೇಳಿದ್ದರು. ಸಾಮಾನ್ಯವಾಗಿ ಅಷ್ಟು ಕಾದವರು ಕೂಗಾಡುತ್ತಾರೆ. ಈ ಹೆಂಗಸು ಕೂಗಾಡಲಿಲ್ಲ.

“ಸಾರ್, ನಿಮ್ಮ ಫೋನಲ್ಲಿ ಬರ್ತಿರೋದು ನನ್ನ ಧಾಟಿ. ಅದರಲ್ಲಿ ಒಂದು ಸ್ವರ ಬಿಟ್ಟುಹೋಗಿದೆ. ಬಂದು ಸರಿ ಮಾಡಿಕೊಡಲಾ?” ಎಂದರು.

ದುರಸ್ತಿ ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದು ಹೇಳಿದೆ. ಆದರೂ ಮರುದಿನ ಬಂದರು. ಹಾರ್ಮೋನಿಯಂ ಅನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ, ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಮೆಟ್ಟಿಲು ಹತ್ತಿದ್ದರು. ಕೂರಲು ಕುರ್ಚಿ ಇರಲಿಲ್ಲ. ಎರಡು ಕಟ್ಟು ತಿರಸ್ಕೃತ ಅರ್ಜಿಗಳ ಮೇಲೆ ಕೂತು ಅವರು ಹೇಳಿದ್ದನ್ನು ನಾನು ಹೇಳಿಕೆ ಎಂದು ಬರೆದುಕೊಂಡೆ.

ಅವರಿಗೆ ಹದಿನೇಳು ವರ್ಷವಿದ್ದಾಗ ಆ ಅಂಗಡಿ ಅವರ ಅಪ್ಪನದು. ಅಪ್ಪ ಸ್ವರ ಹೊರಡಿಸುವ ಹಿತ್ತಾಳೆಯ ರೀಡುಗಳಲ್ಲಿ ಒಳ್ಳೆಯವನ್ನೆಲ್ಲ ಗಿರಾಕಿಗಳ ಪೆಟ್ಟಿಗೆಗೆ ಹಾಕಿ, ಮಗಳಿಗೆ ಮೂಲೆಗೆ ಬಿದ್ದ ಒಂದು ಗುಜರಿ ಪೆಟ್ಟಿಗೆ ಕೊಟ್ಟಿದ್ದರು. ಅದರ ಮೂರನೇ ಕಪ್ಪು ಕೀಯ ರೀಡು ಸತ್ತುಹೋಗಿತ್ತು, ಒತ್ತಿದರೆ ಗಾಳಿ ಮಾತ್ರ ಬರುತ್ತಿತ್ತು. ಅದರಲ್ಲೇ ಅವರು ಈ ಧಾಟಿ ಕಟ್ಟಿದರು. ಕಟ್ಟುವಾಗ ಕೈ ಮತ್ತೆ ಮತ್ತೆ ಆ ಸತ್ತ ಕೀಗೇ ಹೋಗುತ್ತಿತ್ತು. ಆಗ ಮೇಜಿನ ಕೆಳಗೆ ಆಡುತ್ತ ಕೂತಿದ್ದ ಆರು ವರ್ಷದ ತಂಗಿ, ಯಾರೂ ಹೇಳದೆ ಇದ್ದರೂ, ಸರಿಯಾಗಿ ಆ ಜಾಗಕ್ಕೆ ‘ಹೂಂ’ ಎಂದು ಆ ಸ್ವರವನ್ನು ಬಾಯಲ್ಲೇ ಹಾಕಿಬಿಟ್ಟಳು. ಅಂದಿನಿಂದ ಕೈ ಅಕ್ಕನದು, ಆ ಒಂದು ಸ್ವರ ತಂಗಿಯದು. ತಂಗಿ ಮದುವೆಯಾಗಿ ದೂರದ ಊರಿಗೆ ಹೋಗುವ ತನಕ ಹೀಗೇ ನಡೆಯಿತು.

ಆಮೇಲೆ ಅಂಗಡಿ ಇವರ ಪಾಲಿಗೆ ಬಂತು. ರಿಪೇರಿಯಾದ ಪ್ರತಿ ಪೆಟ್ಟಿಗೆಯನ್ನೂ ಈ ಧಾಟಿ ನುಡಿಸಿಯೇ ಪರೀಕ್ಷೆ ಮಾಡಿ ಕೊಡುತ್ತಿದ್ದರು. ಒಳ್ಳೆಯ ಪೆಟ್ಟಿಗೆಯಲ್ಲೂ ಕೈ ಆ ಕೀಯನ್ನು ಮುಟ್ಟುತ್ತಿರಲಿಲ್ಲ, ಯಾಕೆಂದರೆ ಅದು ತನ್ನ ಸ್ವರವಲ್ಲ, ತಂಗಿಯದು. ಗಿರಾಕಿಗಳು ಪೆಟ್ಟಿಗೆಯ ಜೊತೆಗೆ ಧಾಟಿಯನ್ನೂ, ಧಾಟಿಯ ಜೊತೆಗೆ ಅದರ ತೂತನ್ನೂ ತಮ್ಮ ತಮ್ಮ ಮನೆಗೆ ಒಯ್ದರು.

“ಅದು ಪೂರ್ವಜರ ದುಃಖ ಅಲ್ಲ ಸಾರ್. ಸತ್ತ ರೀಡು,” ಎಂದರು.

ಆ ದಿನಕ್ಕೆ ಎರಡು ತಿಂಗಳ ಹಿಂದೆ ತಂಗಿಗೆ ಗಂಟಲಿನ ಆಪರೇಷನ್ ಆಗಿತ್ತು. ಜೀವ ಉಳಿಯಿತು, ದನಿ ಉಳಿಯಲಿಲ್ಲ. ಫೋನಿನಲ್ಲಿ ಬರೆದು ಕಳಿಸಿದ್ದಳಂತೆ, ಅಕ್ಕಾ, ನಮ್ಮ ಧಾಟಿ ಒಂದು ಸಲ ಪೂರ್ತಿ ಕೇಳಬೇಕು ಎಂದು. ಪೂರ್ತಿ ಮಾಡುವ ದನಿ ಇನ್ನಿಲ್ಲವಲ್ಲ. ಅದಕ್ಕೇ ಪೆಟ್ಟಿಗೆಯಮ್ಮ ನಲವತ್ತೆರಡು ವರ್ಷದ ಮೇಲೆ ಆ ಗುಜರಿ ಪೆಟ್ಟಿಗೆ ಬಿಚ್ಚಿ, ಹೊಸ ರೀಡು ಹಾಕಿ, ನುಡಿಸಿ, ಅಂತರ್ಜಾಲಕ್ಕೆ ಹಾಕಿದ್ದರು. ತಂಗಿ ಮಧ್ಯಾಹ್ನ ಔಷಧಿ ತಗೊಂಡು, ಮಲಗಿಕೊಂಡು ಆರಾಮವಾಗಿ ಕೇಳುತ್ತೇನೆ ಎಂದು ಬರೆದಿದ್ದಳು. ನಾನು ಬೆಳಿಗ್ಗೆಯೇ ತೆಗೆಸಿದ್ದೆ.

ನನಗೆ ಪಾಪ ಅನ್ನಿಸಿತು. ಆದರೆ ಅದನ್ನು ದಾಖಲಿಸುವುದಕ್ಕೆ ನಮ್ಮಲ್ಲಿ ನಮೂನೆ ಇಲ್ಲ. ದನಿ ತಗ್ಗಿಸಿ, ಕಚೇರಿಯ ಹೊರಗಿನ ಮನುಷ್ಯನಾಗಿ ಒಂದು ಮಾತು ಹೇಳಿದೆ: ಅಂತರ್ಜಾಲಕ್ಕೆ ಹಾಕುವುದು ಯಾಕೆ, ಗುಟ್ಟಾಗಿ ತಂಗಿಯೊಬ್ಬರ ಫೋನಿಗೆ ಕಳಿಸಿಬಿಡಿ, ನಾನು ನೋಡಿಲ್ಲ ಎಂದುಕೊಳ್ಳುತ್ತೇನೆ.

“ನನ್ನ ಧಾಟಿನ ನಾನೇ ಕದ್ದು ಕಳಿಸಲಾ ಸಾರ್?” ಎಂದು ಪೆಟ್ಟಿಗೆಯಮ್ಮ ಕೇಳಿದರು. ಹೇಳಿಕೆಯ ಕೊನೆಗೆ ‘ಓದಿ ಕೇಳಿಸಲಾಗಿದೆ’ ಎಂದು ಬರೆದು ಸಹಿ ಹಾಕಿಸಿಕೊಂಡೆ.

ವಿಚಾರಣೆ ಆ ಶುಕ್ರವಾರ ನಿರ್ದೇಶಕರ ಕೋಣೆಯಲ್ಲಿ ನಡೆಯಿತು. ಪೆಟ್ಟಿಗೆಯಮ್ಮ ಹಾರ್ಮೋನಿಯಂ ಬಿಚ್ಚಿ, ಹೊಸ ರೀಡು ತೆಗೆದು ನುಡಿಸಿದರು: ಖಾಲಿ ಜಾಗ ಬಂತು. ಹೊಸ ರೀಡು ಹಾಕಿ ನುಡಿಸಿದರು: ಸ್ವರ ಬಂತು. ಹಳೆಯ ಸತ್ತ ರೀಡನ್ನು ಒಂದು ಬೆಂಕಿಪೊಟ್ಟಣದಲ್ಲಿಟ್ಟು ತಂದಿದ್ದರು, ಅದನ್ನೂ ಮೇಜಿನ ಮೇಲಿಟ್ಟರು. ಇದಕ್ಕಿಂತ ಹೆಚ್ಚು ಪುರಾವೆ ನನ್ನ ಇಪ್ಪತ್ತೆರಡು ವರ್ಷದ ಸೇವೆಯಲ್ಲಿ ಯಾವ ವಿಚಾರಣೆಯಲ್ಲೂ ಕಂಡಿಲ್ಲ.

ತಜ್ಞರು ಬೆಂಕಿಪೊಟ್ಟಣದ ಕಡೆ ತಿರುಗಿಯೂ ನೋಡಲಿಲ್ಲ. ಬದುಕಿರುವವರು ಕಟ್ಟಿದ್ದು ಜನಪದವಾಗುವುದಿಲ್ಲ, ಧಾಟಿ ೨೧೨ ಜನಪದವೆಂದು ಪ್ರಮಾಣವಾಗಿದೆ, ಎದುರಿಗೆ ಕೂತಿರುವವರು ಬದುಕಿದ್ದಾರೆ, ಆದ್ದರಿಂದ ಇದನ್ನು ಅವರು ಕಟ್ಟಿಲ್ಲ ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದರು. ನೂರ ನಲವತ್ತು ಪುಟ ಬರೆದವರಿಗೆ ಅಷ್ಟು ಹಕ್ಕು ಇದ್ದೇ ಇರುತ್ತದೆ.

ನಿರ್ದೇಶಕರು ಮೃದು ಸ್ವಭಾವದವರು. “ನೀವು ಬದುಕಿರೋದು ತಪ್ಪು ಅಂತ ನಾವು ಹೇಳ್ತಿಲ್ಲಮ್ಮ. ಬೇರೆ ಎಲ್ಲ ವಿಷಯದಲ್ಲೂ ನೀವು ಧಾರಾಳವಾಗಿ ಬದುಕಿರಬಹುದು. ಈ ಧಾಟಿಯ ಮಟ್ಟಿಗೆ ಮಾತ್ರ ತೊಂದರೆ,” ಎಂದರು.

ಪೆಟ್ಟಿಗೆಯಮ್ಮ ಯೋಚಿಸಿ, ಹಾಗಾದರೆ ತಾನು ಸತ್ತರೆ ತಂಗಿಗೆ ಕೇಳಿಸಲು ಅಡ್ಡಿಯಿಲ್ಲವೇ ಎಂದು ಕೇಳಿದರು. ವ್ಯಂಗ್ಯವೇನೂ ಇರಲಿಲ್ಲ, ಬೆಲೆ ಕೇಳುವವರ ಹಾಗೆ ಕೇಳಿದರು. ನಿರ್ದೇಶಕರು ನಿಯಮಾವಳಿ ತೆರೆಸಿದರು. ಕಟ್ಟಿದವರು ಸತ್ತ ಎಪ್ಪತ್ತೈದು ವರ್ಷದ ಮೇಲೆ ಪರಿಶೀಲಿಸಬಹುದು ಎಂದಿತ್ತು. ಅಷ್ಟು ದಿನ ನನ್ನ ತಂಗಿ ಕಾಯಲ್ಲ ಎಂದು ಪೆಟ್ಟಿಗೆಯಮ್ಮ ಹೇಳಿದರು. ಅದನ್ನು ನಡಾವಳಿಯಲ್ಲಿ ‘ಅರ್ಜಿದಾರರು ಕಾಲಾವಕಾಶ ಒಪ್ಪಿಲ್ಲ’ ಎಂದು ನಮೂದಿಸಿದೆ.

ಆದೇಶ ಹೊರಬಿತ್ತು. ಗುಜರಿ ಹಾರ್ಮೋನಿಯಂ ಪ್ರಾಚೀನ ಮೌನದ ಅತಿ ಹಳೆಯ ಸಾಕ್ಷಿಯಾದ್ದರಿಂದ, ಹೊಸ ರೀಡು ಕಿತ್ತು, ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾಪಾಡಬೇಕು. ಪೆಟ್ಟಿಗೆಯಮ್ಮ ಮುಂದೆ ಧಾಟಿ ೨೧೨ನ್ನು ಒಪ್ಪಿಗೆಯಿಲ್ಲದೆ ನುಡಿಸುವುದಿಲ್ಲವೆಂದು ಮುಚ್ಚಳಿಕೆ ಬರೆದುಕೊಡಬೇಕು. ಬರೆದುಕೊಟ್ಟರು. ಆದರೆ ವಿಚಾರಣೆಯಿಂದ ಒಂದು ಹೊಸ ಅಪಾಯ ತಜ್ಞರ ಗಮನಕ್ಕೆ ಬಂದಿತ್ತು. ನಾಡಿನ ಪ್ರತಿ ಹಾರ್ಮೋನಿಯಂನಲ್ಲೂ ಮೂರನೇ ಕಪ್ಪು ಕೀ ಜೀವಂತವಾಗಿದೆ. ಯಾರ ಬೆರಳು ಯಾವಾಗ ಜಾರುತ್ತದೋ ಹೇಳಲು ಬರುವುದಿಲ್ಲ. ಕೂಡಲೇ ಈ ಪ್ರಕಟಣೆ ಹೊರಡಿಸಲಾಯಿತು:

‘ಸಾರ್ವಜನಿಕರ ಗಮನಕ್ಕೆ. ಧಾಟಿ ಸಂಖ್ಯೆ ೨೧೨ನ್ನು ನುಡಿಸಿ ಅಂತರ್ಜಾಲದಲ್ಲಿ ಹಂಚಿಕೊಳ್ಳಲು ಇಚ್ಛಿಸುವವರು ತಮ್ಮ ತಮ್ಮ ಹಾರ್ಮೋನಿಯಂಗಳ ಮೂರನೇ ಕಪ್ಪು ಕೀಯನ್ನು ಮೊದಲು ಮೌನಗೊಳಿಸಿಕೊಳ್ಳತಕ್ಕದ್ದು. ಮೌನಗೊಳಿಸಿದ ಬಗ್ಗೆ ಪರೀಕ್ಷಾ ಪತ್ರವನ್ನು ಎರಡು ಪ್ರತಿಗಳಲ್ಲಿ ಲಗತ್ತಿಸತಕ್ಕದ್ದು. ಸ್ವಂತವಾಗಿ ಮೌನಗೊಳಿಸಿಕೊಂಡದ್ದನ್ನು ಮಾನ್ಯ ಮಾಡಲಾಗುವುದಿಲ್ಲ. ಪೂರ್ವಜರ ಬಗ್ಗೆ ಸೌಜನ್ಯವಿರಲಿ.’

ಮೌನಗೊಳಿಸುವವರು ಯಾರು ಎಂಬ ಪ್ರಶ್ನೆ ಬಂತು. ಸುತ್ತಮುತ್ತ ಪೆಟ್ಟಿಗೆ ಬಿಚ್ಚಲು ಬಲ್ಲವರು ಒಬ್ಬರೇ. ಹೀಗಾಗಿ ಪೆಟ್ಟಿಗೆಯಮ್ಮನನ್ನೇ ನೇಮಿಸಲಾಯಿತು. ‘ಮೌನ ತಜ್ಞೆ’ ಎಂಬ ಪದನಾಮಕ್ಕೆ ತಜ್ಞರು ಆಕ್ಷೇಪ ಎತ್ತಿದ್ದರಿಂದ ‘ಮೌನ ಸಹಾಯಕಿ’ ಎಂದಾಯಿತು. ಆದೇಶ ಕೊಡಲು ನಾನೇ ಅಂಗಡಿಗೆ ಹೋದೆ. ಮುಖದ ಮೇಲೆ ಎಸೆಯುತ್ತಾರೆ ಎಂದುಕೊಂಡಿದ್ದೆ. ಅವರು ಎರಡು ಸಲ ಓದಿ, ಮಡಚಿ, ಸ್ಕ್ರೂಗಳ ಡಬ್ಬಿಯ ಕೆಳಗೆ ಇಟ್ಟರು. ಬೇರೆಯವರ ಕೈಗೆ ಕೊಟ್ಟರೆ ಸುತ್ತಿಗೆಯಲ್ಲಿ ಕುಟ್ಟಿ ರೀಡು ಹಾಳು ಮಾಡುತ್ತಾರೆ, ನಾನಾದರೆ ನಾಲಿಗೆಗೆ ಚಿಟಿಕೆ ಮೇಣ ಮೆತ್ತುತ್ತೇನೆ, ಎಂದಾದರೂ ಬೇಕೆಂದರೆ ಉಗುರಿನಲ್ಲಿ ಎಬ್ಬಿಸಬಹುದು ಎಂದರು. ಅವರು ರೀಡಿನ ನಾಲಿಗೆಯ ಬಗ್ಗೆ ಹೇಳಿದ್ದು.

ಅಷ್ಟರಲ್ಲಿ ಕಚೇರಿಯ ವಾರ್ಷಿಕೋತ್ಸವ ಹತ್ತಿರ ಬಂತು. ನಲವತ್ತು ಜನ ಒಟ್ಟಿಗೆ ಕೂತು ೨೧೨ನ್ನು ನುಡಿಸುವುದು, ಅದನ್ನು ಅಂತರ್ಜಾಲದಲ್ಲಿ ನೇರವಾಗಿ ತೋರಿಸುವುದು, ಮೌನದ ಜಾಗ ಬಂದಾಗ ಇಡೀ ಸಭೆ ತಲೆ ತಗ್ಗಿಸಿ ಪೂರ್ವಜರಿಗೆ ಗೌರವ ಸಲ್ಲಿಸುವುದು ಎಂದು ನಿಶ್ಚಯವಾಯಿತು. ನಲವತ್ತು ಪೆಟ್ಟಿಗೆಗಳು ಓಣಿಯಲ್ಲಿ ಸಾಲುಗಟ್ಟಿದವು. ಒಡೆಯರು ಬಿಸಿಲಲ್ಲಿ ನಿಂತು, ಕೈಯಲ್ಲಿ ನಮೂನೆ ಹಿಡಿದು, ಇಷ್ಟು ವರ್ಷ ಸರಿಯಿದ್ದ ಕೀಯನ್ನು ಕೆಡಿಸಿಕೊಳ್ಳಲು ನನ್ನದು ಮೊದಲು ನಿನ್ನದು ಮೊದಲು ಎಂದು ಜಗಳವಾಡಿದರು.

ಮೇಣ ಮೆತ್ತಿದ ಮೇಲೆ ಮೌನ ಪರೀಕ್ಷೆ. ಧಾಟಿಯನ್ನು ನುಡಿಸದೆ ಅದರ ಮೌನ ಸರಿಯಿದೆಯೋ ಇಲ್ಲವೋ ತಿಳಿಯುವುದಿಲ್ಲ. ಹೀಗಾಗಿ ಮುಚ್ಚಳಿಕೆ ಬರೆದುಕೊಟ್ಟಿದ್ದ ಪೆಟ್ಟಿಗೆಯಮ್ಮ ಈಗ ಅದನ್ನು ದಿನಕ್ಕೆ ಆರೇಳು ಸಲ ಕಚೇರಿಯ ಅಪ್ಪಣೆಯ ಮೇರೆಗೆ ನುಡಿಸಬೇಕಾಯಿತು. ನಾನು ತಪಾಸಣೆಗೆಂದು ಹೋಗಿ ಬಾಗಿಲಲ್ಲಿ ನಿಂತಿದ್ದೆ. ತಿದಿ ಒತ್ತಿದರು, ಧಾಟಿ ಹತ್ತಿತು, ಹತ್ತಿತು, ಬೆರಳು ಮೂರನೇ ಕಪ್ಪು ಕೀಯ ಮೇಲೆ ಬಂತು. ಪೆಟ್ಟಿಗೆ ಪಿಟ್ಟೆನ್ನಲಿಲ್ಲ. ಆದರೆ ಅವರ ಮುಚ್ಚಿದ ಬಾಯಿಯೊಳಗಿಂದ ‘ಹೂಂ’ ಎಂದು ಆ ಸ್ವರ ಬಂತು. ತಾವು ಹಾಗೆಂದದ್ದು ಅವರಿಗೇ ಗೊತ್ತಿದ್ದಂತೆ ಕಾಣಲಿಲ್ಲ. ಪೆಟ್ಟಿಗೆಯ ಒಡೆಯ ಕಣ್ಣು ಮಿಟುಕಿಸದೆ ಕೇಳುತ್ತ ನಿಂತಿದ್ದ.

ನಾನು ನಿಯಮಾವಳಿಯನ್ನು ಅಲ್ಲೇ ತೆರೆದು ನೋಡಿದೆ. ಹಾರ್ಮೋನಿಯಂ ಬಗ್ಗೆ ಹನ್ನೊಂದು ಉಪನಿಯಮಗಳಿದ್ದವು. ಗಂಟಲಿನ ಬಗ್ಗೆ ಒಂದೂ ಇರಲಿಲ್ಲ. ಪರೀಕ್ಷಾ ಪತ್ರದಲ್ಲಿ ‘ಪೆಟ್ಟಿಗೆ ಮೌನವಾಗಿದೆ’ ಎಂದು ಬರೆದು ಸಹಿ ಮಾಡಿದೆ. ಅದು ಸತ್ಯ. ಹಾಗೆ ನಲವತ್ತು ಪತ್ರಗಳಿಗೆ ಸಹಿ ಮಾಡಿದೆ.

ವಾರ್ಷಿಕೋತ್ಸವದ ದಿನ ಸಭಾಂಗಣ ಕಿಕ್ಕಿರಿದಿತ್ತು. ಗಾಜಿನ ಪೆಟ್ಟಿಗೆಯಲ್ಲಿ ಗುಜರಿ ಹಾರ್ಮೋನಿಯಂ ವೇದಿಕೆಯ ಮಧ್ಯೆ ಇತ್ತು. ಪೆಟ್ಟಿಗೆಯಮ್ಮನಿಗೆ ಕೊನೆಯ ಸಾಲಿನಲ್ಲಿ, ಕಂಬದ ಪಕ್ಕ ಒಂದು ಕುರ್ಚಿ ಕೊಟ್ಟಿದ್ದೆವು. ತಂಗಿ ತನ್ನೂರಿನಲ್ಲಿ ಫೋನಿನಲ್ಲಿ ನೋಡುತ್ತಿರುತ್ತಾಳೆ, ತೂತಿರುವ ಧಾಟಿಯಾದರೂ ಸರಿ, ಅಷ್ಟಾದರೂ ಕೇಳಲಿ ಎಂದು ಅವರು ನನ್ನ ಹತ್ತಿರ ಹೇಳಿದ್ದರು. ನಿರ್ದೇಶಕರು ಪೂರ್ವಜರನ್ನು ಮೂವತ್ತೈದು ನಿಮಿಷ ಹೊಗಳಿ, ಮೌನದ ಜಾಗದಲ್ಲಿ ಯಾರೂ ಕೆಮ್ಮಬಾರದು ಎಂದು ವಿನಂತಿಸಿಕೊಂಡರು.

ನಲವತ್ತು ತಿದಿಗಳು ಒಟ್ಟಿಗೆ ಉಸಿರೆಳೆದವು. ಮೊದಲ ಸಾಲು ಮುಗಿಯಿತು. ಎರಡನೇ ಸಾಲು ಹತ್ತಿತು, ಹತ್ತಿತು, ಎಲ್ಲರೂ ತಲೆ ತಗ್ಗಿಸಿದರು, ಮೇಣ ಮೆತ್ತಿದ ನಲವತ್ತು ಕೀಗಳ ಮೇಲೆ ನಲವತ್ತು ಬೆರಳು ಕೂತವು. ಆಗ ನಲವತ್ತು ಗಂಟಲುಗಳಿಂದ ಒಂದೇ ಸಲಕ್ಕೆ ‘ಹೂಂ’ ಎಂದು ಬಂತು.

ಯಾರೂ ತಲೆ ಎತ್ತಲಿಲ್ಲ. ಯಾರ ಮುಖದಲ್ಲೂ ತಪ್ಪು ಮಾಡಿದ ಕಳೆಯಿರಲಿಲ್ಲ. ಧಾಟಿ ಮೂರು ಸಲ ಸುತ್ತಿತು, ಮೂರು ಸಲವೂ ಹಾಗೇ ಆಯಿತು. ಮೂರನೇ ಸಲ ನನ್ನ ಕಿವಿಯ ತೀರಾ ಹತ್ತಿರದಿಂದ ಅದೇ ದನಿ ಕೇಳಿಸಿ, ಯಾರಿದು ಎಂದು ಸಿಟ್ಟಿನಿಂದ ತಿರುಗಿ ನೋಡಿದೆ. ನನ್ನ ಎರಡೂ ಪಕ್ಕ ಗಣ್ಯರಿಗೆಂದು ಕಾದಿರಿಸಿದ್ದ ಕುರ್ಚಿಗಳು ಖಾಲಿಯಿದ್ದವು. ಹಿಂದೆ ಕಂಬದ ಪಕ್ಕ ಪೆಟ್ಟಿಗೆಯಮ್ಮ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕೂತಿದ್ದರು. ಅವರೊಬ್ಬರೇ ಆ ದಿನ ನಿಯಮ ಪಾಲಿಸಿದ್ದು.

ಮರುದಿನವೇ ನಲವತ್ತು ನೋಟಿಸು ಹೋದವು. ನಲವತ್ತು ಉತ್ತರಗಳೂ ಬಂದವು. ನಾನು ಸಂಪೂರ್ಣ ಮೌನವಾಗಿದ್ದೆ, ಬೇಕಾದರೆ ಪಕ್ಕದವರನ್ನು ಕೇಳಿ ಎಂದು ಎಲ್ಲರೂ ಬರೆದಿದ್ದರು. ಪಕ್ಕದವರನ್ನು ಕೇಳಲಾಗಿ ಅವರೂ ಹಾಗೇ ಹೇಳಿದರು. ನಾನು ನಂಬಿದೆ. ನನ್ನ ಬಗ್ಗೆಯೂ ಯಾರಾದರೂ ಕೇಳಿದ್ದರೆ ನಾನು ಹಾಗೇ ಬರೆಯುತ್ತಿದ್ದೆ.

ತಜ್ಞರು ಧ್ವನಿಮುದ್ರಣವನ್ನು ಹನ್ನೊಂದು ಸಲ ಕೇಳಿದರು. ಎರಡು ದಿನ ಕೋಣೆಯಿಂದ ಹೊರಗೆ ಬರಲಿಲ್ಲ. ನನಗೆ ಅವರ ಬಗ್ಗೆಯೂ ಪಾಪ ಅನ್ನಿಸಿತು. ಆ ತಿಂಗಳು ನನಗೆ ಹಾಗೆ ಬಹಳ ಸಲ ಆಯಿತು. ಮೂರನೆಯ ದಿನ ಅವರು ಇಪ್ಪತ್ತೆರಡು ಪುಟಗಳ ಅನುಬಂಧದೊಂದಿಗೆ ಹೊರಬಂದರು. ಮುಖ ಕಳೆಕಳೆಯಾಗಿತ್ತು. ಪ್ರಾಚೀನ ಮೌನವೊಂದನ್ನು ನಲವತ್ತು ಜನ ಒಟ್ಟಿಗೆ ಶ್ರದ್ಧೆಯಿಂದ ಪಾಲಿಸಿದಾಗ ಅದು ತಾನಾಗಿಯೇ ಕೇಳಿಸತೊಡಗುತ್ತದೆ ಎಂದು ಅದರಲ್ಲಿ ಸಾಧಿಸಿದ್ದರು. ನಿರ್ದೇಶಕರು ಅದೇ ದಿನ ಆದೇಶಿಸಿದರು: ‘ಸದರಿ ಮೌನವು ಕೇಳಿಸುವ ಮೌನವಾಗಿದ್ದು, ಪ್ರಮಾಣಿತ ಮೌನದ ಎಲ್ಲ ಲಕ್ಷಣಗಳನ್ನೂ ಹೊಂದಿರುತ್ತದೆ.’ ಧ್ವನಿಮುದ್ರಣವನ್ನು ಕಚೇರಿಯ ಮುದ್ರೆಯೊಂದಿಗೆ ಜಾಲತಾಣಕ್ಕೆ ಹಾಕಲಾಯಿತು. ಸೌಜನ್ಯ: ಜನಪದ. ಫೋನಿನಲ್ಲಿ ಕಾಯುವವರಿಗೂ ಈಗ ಅದನ್ನೇ ಕೇಳಿಸಲಾಗುತ್ತಿದೆ.

ಜಾಲತಾಣದಲ್ಲಿ ಧಾಟಿಯ ಕೆಳಗೆ ಸಾರ್ವಜನಿಕರು ಅನಿಸಿಕೆ ಬರೆಯಲು ಜಾಗವಿದೆ. ಸಾಮಾನ್ಯವಾಗಿ ಅಲ್ಲಿ ಯಾರೂ ಬರೆಯುವುದಿಲ್ಲ, ಯಾಕೆಂದರೆ ಅದಕ್ಕೂ ಅರ್ಜಿ ಹಾಕಬೇಕು. ಎಂಟು ದಿನದ ಮೇಲೆ ದೂರದ ಒಂದು ಊರಿನಿಂದ, ಕ್ರಮಬದ್ಧವಾಗಿ ಅರ್ಜಿ ಹಾಕಿ, ಒಬ್ಬ ಹೆಂಗಸು ಹೀಗೆ ಬರೆದಿದ್ದರು: ‘ಚೆನ್ನಾಗಿದೆ. ದಿನಾ ಕೇಳ್ತಿದ್ದೀನಿ. ಆದರೆ ಆ ಜಾಗದಲ್ಲಿ ನಾನು ಇನ್ನೂ ಸ್ವಲ್ಪ ಎಳೀತಿದ್ದೆ. ಅಕ್ಕನಿಗೆ ಹೇಳಿ.’

ನಿಯಮದ ಪ್ರಕಾರ ಏಳು ದಿನದೊಳಗೆ ಉತ್ತರ ಕೊಡಬೇಕು. ಕೊಟ್ಟೆ: ‘ತಮ್ಮ ಅಹವಾಲನ್ನು ಪರಿಶೀಲಿಸಲಾಗಿದೆ. ಸದರಿ ಜಾಗದಲ್ಲಿ ಮುನ್ನೂರು ವರ್ಷಗಳಿಂದ ಯಾರೂ ಎಳೆದಿರುವುದಿಲ್ಲವೆಂದು ತಿಳಿಸಲು ವಿಷಾದಿಸುತ್ತೇನೆ.’ ಅಹವಾಲಿನ ಎರಡನೇ ಭಾಗ, ಅಂದರೆ ಅಕ್ಕನಿಗೆ ಹೇಳುವುದು, ಬಾಕಿ ಉಳಿದಿತ್ತು. ಬಾಕಿ ಇಟ್ಟುಕೊಳ್ಳುವ ಅಭ್ಯಾಸ ನನಗಿಲ್ಲ. ಅನಿಸಿಕೆಯ ಒಂದು ನಕಲು ತೆಗೆದು, ‘ಅಸಲಿನಂತೆ ಸರಿಯಾಗಿದೆ’ ಎಂಬ ಮುದ್ರೆ ಒತ್ತಿ, ಓಣಿಗೆ ಹೋದೆ.

ಪೆಟ್ಟಿಗೆಯಮ್ಮ ಕನ್ನಡಕ ಹಾಕಿಕೊಂಡು ಓದಿದರು. ಮತ್ತೊಮ್ಮೆ ಓದಿದರು. ಆಮೇಲೆ ನಗತೊಡಗಿದರು, ನಗುತ್ತ ನಗುತ್ತ ಅತ್ತುಬಿಟ್ಟರು, ಮೇಣದ ಕೈಯಲ್ಲೇ ಕಣ್ಣೊರೆಸಿಕೊಂಡು ರೆಪ್ಪೆಗೆಲ್ಲ ಮೇಣ ಮಾಡಿಕೊಂಡರು.

“ಎಳೀತಿದ್ದಳು ಸಾರ್, ನಿಜ. ಕೆಲಸ ಬಿಟ್ಟು ನುಡಿಸ್ತಾ ಕೂತಾಗ ನಮ್ಮಪ್ಪನ ಕೈಗೆ ಸಿಕ್ಕಿಬೀಳ್ತಿದ್ದದ್ದೇ ಅದರಿಂದ,” ಎಂದರು.

ತಮ್ಮ ಹೆಸರು ಹಾಕುವ ಬಗ್ಗೆ ಮೇಲ್ಮನವಿ ಸಲ್ಲಿಸಲು ಇನ್ನೂ ಆರು ದಿನ ಕಾಲಾವಕಾಶ ಇದೆ ಎಂದು ತಿಳಿಸಿದೆ. ಅವರು ಬೇಡ ಎಂದು ಕೈಯಾಡಿಸಿ, ಸಾಲಿನಲ್ಲಿ ನಿಂತಿದ್ದ ಮುಂದಿನ ಪೆಟ್ಟಿಗೆಯನ್ನು ಒಳಕ್ಕೆ ಕರೆದರು. ವಾರ್ಷಿಕೋತ್ಸವ ನೋಡಿದ ಮೇಲೆ ಕೀ ಮೌನಗೊಳಿಸಿಕೊಳ್ಳುವವರ ಸಾಲು ಓಣಿಯ ಕೊನೆಯ ತನಕ ಬೆಳೆದಿದೆ. ಆ ನಕಲನ್ನು ಅವರು ಸ್ಕ್ರೂಗಳ ಡಬ್ಬಿಯ ಮೇಲಿನ ಗೋಡೆಗೆ ಅಂಟಿಸಿದ್ದಾರೆ.

ಈ ನಡುವೆ ನಾನು ಗಡ್ಡ ಹೆರೆಯುವಾಗ ಏನನ್ನೋ ಗುನುಗುತ್ತೇನೆ ಎಂದು ನನ್ನ ಹೆಂಡತಿ ಹೇಳಿದ್ದಾಳೆ. ಲಿಖಿತವಾಗಿ ಕೊಡು ಎಂದೆ. ಅವಳು ಪಾತ್ರೆ ತೊಳೆಯುತ್ತ ಅದನ್ನೇ ಗುನುಗುತ್ತ ಒಳಗೆ ಹೋದಳು, ಆ ಜಾಗದಲ್ಲಿ ಸಾಕಷ್ಟು ಎಳೆದಳು ಕೂಡ. ಇಬ್ಬರಿಗೂ ಒಂದೊಂದು ನೋಟಿಸು ಸಿದ್ಧಪಡಿಸಿದ್ದೇನೆ.

ಕಳೆದ ಎರಡು ತಿಂಗಳಲ್ಲಿ ಒಪ್ಪಿಗೆಗಾಗಿ ಬಂದ ಧ್ವನಿಮುದ್ರಣಗಳಲ್ಲೆಲ್ಲ ಮುನ್ನೂರು ವರ್ಷದ ಮೌನವು ಮೊದಲಿಗಿಂತ ಸ್ವಲ್ಪ ಉದ್ದವಾಗಿದೆ ಎಂದು ತಜ್ಞರು ಗಮನಿಸಿದ್ದಾರೆ. ಪೂರ್ವಜರ ದುಃಖ ಹೆಚ್ಚಿದೆ ಎಂಬುದು ಅವರ ಅಭಿಪ್ರಾಯ. ನಿರ್ದೇಶಕರು ಒಪ್ಪಿದ್ದಾರೆ. ಹೊಸ ಕಡತ ತೆರೆಯಲಾಗಿದೆ.